ಉಸುಕಿನಲ್ಲಿ ಓಡಿ ಗೆದ್ದ ರೆಡ್ ರಮ್

ಪ್ರಶ್ನೆ: ನಮ್ಮ ತಾತ ರಾಯಚೂರಿನಲ್ಲಿ ಟಾಂಗಾ ಹೊಡೆಯುತ್ತಿದ್ದರು. ಕುದುರೆ ಕುಂಟಿದರೆ ಹಳ್ಳದ ನೀರಲ್ಲಿ ನಿಲ್ಲಿಸುತ್ತಿದ್ದರಂತೆ. ಇಂಗ್ಲೆಂಡಿನ ರೆಡ್ ರಮ್ ಅನ್ನೋ ರೇಸ್ ಕುದುರೆಯ ಕಾಲೂ ಸಮುದ್ರದ ನೀರಲ್ಲಿ ಸರಿಹೋಯಿತು ಅಂತ ಕೇಳಿದೆ. ನಿಜಾನಾ? ಕೊನೆಗಾಲದಲ್ಲಿ ಅದನ್ನು ಚೆನ್ನಾಗಿ ನೋಡಿಕೊಂಡರಾ?
– ಒಬ್ಬ ಓದುಗರು, ರಾಯಚೂರು

ಉತ್ತರ: ನಿಜ. ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು, ಯಾಕೆಂದರೆ ನನಗೆ ಬಹಳ ಇಷ್ಟದ ಕುದುರೆ ಅದು.

ರೆಡ್ ರಮ್ ಹುಟ್ಟಿದ್ದು 1965ರಲ್ಲಿ, ಐರ್ಲೆಂಡಿನಲ್ಲಿ. ಕೈಯಿಂದ ಕೈಗೆ ಮಾರಾಟವಾಗುತ್ತಾ 1972ರಲ್ಲಿ ರೇಸ್ ಕುದುರೆಗಳನ್ನು ಪಳಗಿಸುವ ಜಿಂಜರ್ ಮೆಕೇನ್ ಹತ್ತಿರ ಬಂತು. ಮೆಕೇನ್ ಇಂಗ್ಲೆಂಡಿನ ಸಮುದ್ರ ದಂಡೆಯ ಸೌತ್‌ಪೋರ್ಟ್ ಊರಿನವರು. ಟ್ಯಾಕ್ಸಿ ಓಡಿಸಿದವರು, ಕಾರು ಮಾರುತ್ತಿದ್ದವರು, ಕಾರಿನ ಅಂಗಡಿಯ ಹಿಂದೆಯೇ ಅವರ ಲಾಯ. ಅವರ ಟ್ಯಾಕ್ಸಿಯಲ್ಲಿ ಓಡಾಡುತ್ತಿದ್ದ ನೋಯಲ್ ಲ ಮೇರ್ ಎಂಬ ವಯಸ್ಸಾದ ಶ್ರೀಮಂತರಿಗಾಗಿ 6,000 ಗಿನಿ (ಇಂಗ್ಲೆಂಡಿನ ಹಳೆಯ ಹಣದ ಲೆಕ್ಕ) ಕೊಟ್ಟು ಇದನ್ನು ಕೊಂಡರು. ಕೊಂಡ ಮೇಲೆ ನೋಡಿದರೆ ಕುದುರೆ ಕುಂಟುತ್ತಿದೆ! ಗೊರಸಿನ ಒಳಗಿನ ಮೂಳೆಗೆ ಊತ ಬರುವ ಕಾಯಿಲೆ ಅದಕ್ಕಿತ್ತು. ಮೆಕೇನ್ ಅದನ್ನು ಸಮುದ್ರದ ನೀರಿಗಿಳಿಸಿ ಓಡಿಸಿದರು, ಹೊರಗೆ ಬಂದಾಗ ಕುಂಟು ಇರಲಿಲ್ಲ. ಆಮೇಲೆ ದಿನಾ ದಂಡೆಯ ಉಸುಕಿನಲ್ಲೇ ಓಟ. ನಿಮ್ಮ ತಾತ ಮಾಡಿದ್ದೂ ಸುಮ್ನೆ ಅಲ್ಲ. ತಣ್ಣೀರು ಊತ ಇಳಿಸುತ್ತದೆ, ಹಸಿ ಉಸುಕು ಗಟ್ಟಿ ನೆಲದಷ್ಟು ಕಾಲಿಗೆ ಪೆಟ್ಟು ಕೊಡುವುದಿಲ್ಲ. ಆದರೆ ಬಹಳ ಹೊತ್ತು ನೀರಲ್ಲೇ ನಿಲ್ಲಿಸಿದರೆ ಗೊರಸು ಮೆತ್ತಗಾಗುತ್ತದೆ. ಹಾಗಾಗಿ ಈಗ ಯಾರ ಹತ್ತಿರವಾದರೂ ಕುದುರೆ ಇದ್ದು ಕುಂಟಿದರೆ ಮೊದಲು ದನದ ಡಾಕ್ಟರಿಗೆ ತೋರಿಸಲಿ.

ಇನ್ನು ರೇಸ್. ಲಿವರ್‌ಪೂಲ್ ಹತ್ತಿರದ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ಅಂದರೆ ಸುಮಾರು 7 ಕಿ.ಮೀ. ಓಟ, ದಾರಿಯಲ್ಲಿ 30 ಬೇಲಿ ಹಾರಬೇಕು. 1973ರಲ್ಲಿ ಕ್ರಿಸ್ಪ್ ಅನ್ನೋ ಆಸ್ಟ್ರೇಲಿಯಾದ ಕುದುರೆ ಬಹಳ ದೂರ ಮುಂದೆ ಹೋಗಿಬಿಟ್ಟಿತ್ತು. ಆದರೆ ಒಳ್ಳೆ ಕುದುರೆಗೆ ಹೆಚ್ಚು ಭಾರ ಹೊರಿಸುವ ರೇಸ್ ಇದು, ಹಾಗಾಗಿ ಅದರ ಮೇಲಿನ ಭಾರ ರೆಡ್ ರಮ್‌ಗಿಂತ 10 ಕೆ.ಜಿ.ಗೂ ಜಾಸ್ತಿ. ಕೊನೆಯ ಬೇಲಿ ದಾಟಿದ ಮೇಲೆ ಅದರ ಕಾಲು ಸೋತವು, ರೆಡ್ ರಮ್ ಒಂದೊಂದೇ ಹೆಜ್ಜೆ ಹತ್ತಿರವಾಗುತ್ತಾ ಗೆಲುವಿನ ಕಂಬದ ಹತ್ತಿರ ಮುಕ್ಕಾಲು ಕುದುರೆಯಷ್ಟು ಅಂತರದಲ್ಲಿ ಗೆದ್ದಿತು. ಹಳೆಯ ದಾಖಲೆಯೂ ಮುರಿಯಿತು. ಆ ಓಟದ ವಿಡಿಯೊ ನೋಡಿದಾಗಲೆಲ್ಲ ನನಗೆ ಕ್ರಿಸ್ಪ್‌ಗಾಗಿ ಕರುಳು ಚುರುಕ್ ಅನ್ನುತ್ತದೆ, ರೆಡ್ ರಮ್ ಮೇಲೆ ಎಷ್ಟೇ ಪ್ರೀತಿ ಇದ್ದರೂ.

1974ರಲ್ಲಿ ಮತ್ತೆ ಗೆಲುವು. 1975, 1976ರಲ್ಲಿ ಎರಡನೇ ಸ್ಥಾನ. ಮುದಿಯಾಯಿತು ಅಂತ ಜನ ಮಾತಾಡುತ್ತಿದ್ದಾಗ, 1977ರಲ್ಲಿ, 12ನೇ ವಯಸ್ಸಿನಲ್ಲಿ, ಟಾಮಿ ಸ್ಟ್ಯಾಕ್ ಸವಾರಿಯಲ್ಲಿ 25 ಕುದುರೆಯುದ್ದದ ಅಂತರದಿಂದ ಮೂರನೇ ಸಲ ಗೆದ್ದಿತು. ಐದು ವರ್ಷ, 150 ಬೇಲಿ, ಒಂದರಲ್ಲೂ ಬೀಳಲಿಲ್ಲ. ನನ್ನ ಕೇಳಿದರೆ ಮೂರು ಗೆಲುವಿಗಿಂತ ದೊಡ್ಡದು ಇದು.

1978ರಲ್ಲಿ ಮೂಳೆಯಲ್ಲಿ ಸಣ್ಣ ಬಿರುಕು ಕಂಡಿತು, ಓಟ ನಿಲ್ಲಿಸಿದರು. ಮಾರಲಿಲ್ಲ, ಮೂಲೆಗೆ ತಳ್ಳಲಿಲ್ಲ. ಅಂಗಡಿ ಉದ್ಘಾಟನೆ, ಮೆರವಣಿಗೆ ಅಂತ ಊರೂರು ಕರೆದೊಯ್ದರು, ಜನ ಮುತ್ತಿಕೊಳ್ಳುತ್ತಿದ್ದರು. 1995ರ ಅಕ್ಟೋಬರ್ 18ರಂದು, 30 ವರ್ಷದ ತುಂಬು ಬಾಳು ಮುಗಿಸಿತು. ಏಂಟ್ರಿಯ ಗೆಲುವಿನ ಕಂಬದ ಪಕ್ಕದಲ್ಲೇ ಮಣ್ಣು ಮಾಡಿದ್ದಾರೆ.

ನಿಮ್ಮ ತಾತನ ಕುದುರೆಯ ಹೆಸರೇನಿತ್ತು? ಮುಂದಿನ ಪತ್ರದಲ್ಲಿ ಬರೀತೀರಲ್ವಾ?