ತಳದ ಅಕ್ಷರ ಮುಂದಕ್ಕೆ ಹಾರುವುದೇಕೆ?

ಪ್ರಶ್ನೆ: ಕೊರಿಯನ್‌ನಲ್ಲಿ ‘ಬಟ್ಟೆ’ಯನ್ನು ಒಂಟಿಯಾಗಿ ‘ಒತ್’ ಅನ್ನುತ್ತಾರೆ. ಅದಕ್ಕೆ ‘ಇ’ ಪ್ರತ್ಯಯ ಹತ್ತಿದರೆ ‘ಒಶಿ’. ಬರೆಯುವಾಗ ಎರಡೂ ಕಡೆ ಒಂದೇ ಅಕ್ಷರ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ. ಕೊರಿಯನ್‌ನಲ್ಲಿ ಒಂದು ಉಚ್ಚಾರಾಂಶದ ಅಕ್ಷರಗಳನ್ನು ಒಂದೇ ಗುಚ್ಛವಾಗಿ ಜೋಡಿಸಿ ಬರೆಯುತ್ತಾರೆ. ಆ ಗುಚ್ಛದ ತಳದಲ್ಲಿ ಕೂರುವ ವ್ಯಂಜನಕ್ಕೆ ಬಾಚಿಮ್ ಎನ್ನುತ್ತಾರೆ. ಬರೆದದ್ದು ಯಾವುದೇ ಇರಲಿ, ಮಾತು ಅಲ್ಲಿಗೇ ನಿಂತರೆ ಕೇಳಿಸುವುದು ಏಳೇ ಧ್ವನಿ: ಕ್, ನ್, ತ್, ಲ್, ಮ್, ಪ್, ಙ್. ಸ, ಜ, ಛ, ಥ ಎಲ್ಲವೂ ಅಲ್ಲಿ ‘ತ್’ ಆಗಿಬಿಡುತ್ತವೆ. ಸ್ವರದಿಂದ ಶುರುವಾಗುವ ಪ್ರತ್ಯಯ ಬಂದರೆ ಮಾತ್ರ ಬಾಚಿಮ್ ತನ್ನ ನಿಜರೂಪದಲ್ಲೇ ಆ ಸ್ವರದ ಜೊತೆ ಸೇರುತ್ತದೆ. ನಿಮ್ಮ ಪದದ ತಳದಲ್ಲಿರುವುದು ‘ಸ’. ‘ಇ’ ಎದುರು ಅದು ‘ಶ’ದಂತೆ ಕೇಳುತ್ತದೆ, ಅಷ್ಟೇ. ಹೂವಿನದೂ ಇದೇ ಕಥೆ: ಒಂಟಿಯಾಗಿ ‘ಕ್ಕೊತ್’, ಪ್ರತ್ಯಯ ಸೇರಿದರೆ ‘ಕ್ಕೊಛಿ’.

ಎಡವುವುದು ಇಲ್ಲಿ: ಮುಂದೆ ಬಂದದ್ದು ಪ್ರತ್ಯಯವಲ್ಲದೆ ಸ್ವತಂತ್ರ ಪದವಾದರೆ ಮೊದಲು ‘ತ್’ ಆಗಿ, ಆಮೇಲೆ ಕೂಡಿಕೊಳ್ಳುತ್ತದೆ. ‘ಬಟ್ಟೆಯ ಒಳಗೆ’ ಅನ್ನುವುದು ‘ಒದಾನ್’, ‘ಒಸಾನ್’ ಅಲ್ಲ.

ಕೇಳಿದಂತೆಯೇ ಬರೆಯಬಾರದಿತ್ತೇ ಅಂದರೆ, 1933ರ ಕಾಗುಣಿತ ನಿಯಮಾವಳಿ ಪದದ ಮೂಲರೂಪವನ್ನು ಉಳಿಸಿ ಬರೆಯುವ ದಾರಿ ಹಿಡಿಯಿತು. ಕಣ್ಣಿಗೆ ಅನುಕೂಲ, ನಾಲಿಗೆಗೆ ಕೆಲಸ.

ತಳದಲ್ಲಿ ಎರಡು ವ್ಯಂಜನವಿದ್ದರೆ ಎರಡನೆಯದು ಮಾತ್ರ ಮುಂದೆ ಹೋಗುತ್ತದೆ. ಕೋಳಿ ಒಂಟಿಯಾಗಿ ‘ದಾಕ್’, ‘ಇ’ ಸೇರಿದರೆ ‘ದಾಲ್ಗಿ’. ಅಡಗಿದ್ದ ‘ಲ್’ ಹೊರಬರುತ್ತದೆ. (ಮಾತಿನ ಭರದಲ್ಲಿ ಕೊರಿಯನ್ನರೇ ‘ದಾಗಿ’ ಅನ್ನುವುದುಂಟು. ಕಲಿಯುವವರು ಅದನ್ನು ಅನುಸರಿಸುವುದು ಬೇಡ.) ಕ್ರಿಯಾಪದದ ತಳದ ‘ಹ’ ಮುಂದೆ ಹೋಗುವುದೇ ಇಲ್ಲ, ಉದುರಿಹೋಗುತ್ತದೆ: ‘ಚೆನ್ನಾಗಿರು’ ಎನ್ನುವ ‘ಚೊಹ್’ಗೆ ‘ಆಯೊ’ ಸೇರಿ ‘ಚೊಆಯೊ’.

ಪ್ರಶ್ನೆ: ನಿಯಮ ಗೊತ್ತಿದ್ದೂ ನನ್ನ ಉಚ್ಚಾರವನ್ನು ತಿದ್ದುತ್ತಲೇ ಇರುತ್ತಾರೆ. ‘ಪುಸ್ತಕ’ ಎನ್ನುವ ‘ಛೆಕ್’ಗೆ ‘ಇ’ ಸೇರಿಸಿ ‘ಛೆಕ್ಕಿ’ ಅಂದರೆ ತಪ್ಪೇ?

ಉತ್ತರ: ತಪ್ಪೇ. ಅದು ಕನ್ನಡದ ಚಾಳಿ. ‘ಬುಕ್’ಗೆ ‘ಅಲ್ಲಿ’ ಸೇರಿಸಿದರೆ ನಾವು ‘ಬುಕ್ಕಲ್ಲಿ’ ಎಂದು ಒತ್ತು ಕೊಡುತ್ತೇವೆ. ಕೊರಿಯನ್‌ನಲ್ಲಿ ಬಿಗಿಯಾದ ‘ಕ್ಕ’ ಬೇರೆಯೇ ಅಕ್ಷರ. ಇಲ್ಲಿ ಒತ್ತು ಬೇಡ. ಎರಡು ಸ್ವರಗಳ ನಡುವೆ ಸಿಕ್ಕಿದ ‘ಕ್’ ಸಡಿಲಗೊಂಡು ‘ಗ’ ಆಗುತ್ತದೆ: ‘ಛೆಗಿ’. ವಾಕ್ ಮತ್ತು ಈಶ ಸೇರಿ ವಾಗೀಶ ಆದ ಹಾಗೆ.

ಇನ್ನೊಂದು, ನಾಯಿಮರಿ. ಅದು ‘ಕಾಂಗಾಜಿ’ ಅಲ್ಲ, ‘ಕಾಙಾಜಿ’. ತಳದ ‘ಙ್’ ಸ್ವರ ಬಂದರೂ ತನ್ನ ಜಾಗದಲ್ಲೇ ಇರುತ್ತದೆ, ಹಿಂದೆ ‘ಗ’ವನ್ನೂ ಕರೆತರುವುದಿಲ್ಲ. ನಮಗೆ ‘ಗ’ ಇಲ್ಲದ ‘ಙ’ ರೂಢಿಯಿಲ್ಲ. ‘ಅಂಗಡಿ’ ಅನ್ನಲು ಹೊರಟು, ‘ಗ’ ಬರುವ ಮುನ್ನ ನಿಲ್ಲಿಸಿ. ನಾಲಿಗೆಯ ಹಿಂಭಾಗ ಅಂಗುಳಿಗೆ ತಾಗಿರುತ್ತದೆ. ಅಲ್ಲಿಂದ ನೇರ ‘ಆ’ ಅನ್ನಿ.

ಅಭ್ಯಾಸಕ್ಕೆ ಬಾಚಿಮ್‌ನಿಂದ ಮುಂದಿನ ಸ್ವರಕ್ಕೆ ಪೆನ್ಸಿಲ್ಲಿನಲ್ಲಿ ಕಮಾನು ಎಳೆದು ‘ಛೆ-ಗಿ’ ಎಂದು ಹೊಸ ಜಾಗದಲ್ಲೇ ಬಿಡಿಸಿ ಓದಿ. ‘ಛೆಕ್-ಇ’ ಎಂದು ಬಿಡಿಸಿದರೆ ನಡುವೆ ಉಸಿರು ನಿಂತು ಕೂಡುವಿಕೆಯೇ ಕೆಡುತ್ತದೆ.

ಪ್ರಶ್ನೆ: ‘ಮಾಡುತ್ತೇನೆ’ ಎನ್ನಲು ‘ಹಾಪ್ನಿದಾ’ ಎಂದು ಬರೆದು ‘ಹಾಮ್ನಿದಾ’ ಅನ್ನುವುದೂ ಇದೇ ನಿಯಮವೇ?

ಉತ್ತರ: ಅಲ್ಲ, ಅಲ್ಲಿ ಅಕ್ಷರ ಜಾಗ ಬದಲಿಸುವುದಿಲ್ಲ, ಬಣ್ಣ ಬದಲಿಸುತ್ತದೆ. ಅನುನಾಸಿಕದ ಎದುರು ‘ಪ್’ ತಾನೂ ‘ಮ್’ ಆಗುತ್ತದೆ. ವಾಕ್ ಮತ್ತು ಮಯ ಸೇರಿ ವಾಙ್ಮಯ ಆಗುವುದನ್ನು ಬಲ್ಲವರಿಗೆ ಇದು ಹೊಸದಲ್ಲ.