ಅನುಕೂಲಗಳ ನಡುವಿನ ಅಸಹಾಯಕತೆ: ಒಂದು ಆಪ್ತಸಲಹೆ ಪ್ರಕರಣ

ದಕ್ಷಿಣ ಜರ್ಮನಿಯ ಸಣ್ಣ ಪಟ್ಟಣವೊಂದರಿಂದ ಮೂರು ವರ್ಷಗಳ ನಿಯೋಜನೆಯ ಮೇಲೆ ಬೆಂಗಳೂರಿಗೆ ಬಂದು, ಪತ್ನಿಯೊಡನೆ ವೈಟ್‌ಫೀಲ್ಡ್‌ನಲ್ಲಿ ನೆಲೆಸಿದ್ದ ಎಂಜಿನಿಯರ್ ಒಬ್ಬರನ್ನು ಅವರ ಕಂಪನಿ ನನ್ನ ಬಳಿಗೆ ಕಳುಹಿಸಿತ್ತು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಇಲ್ಲಿ ‘ಕ್ಷ’ ಎನ್ನುತ್ತೇನೆ. ಕಂಪನಿ ಒದಗಿಸಿದ ಕಾರಿನ ಚಾಲಕನ ಮೇಲೆ ಅವರು ಕಚೇರಿಯ ಆವರಣದಲ್ಲಿ, ಸಹೋದ್ಯೋಗಿಗಳೆಲ್ಲ ನೋಡುತ್ತಿರುವಂತೆ, ಕೂಗಾಡಿದ್ದರು. ಭೇಟಿಗಳ ಸಂಖ್ಯೆಯಷ್ಟೇ ಬಿಲ್ಲಿನೊಂದಿಗೆ ಕಂಪನಿಗೆ ಹೋಗುತ್ತದೆ, ಪ್ರಾಣಾಪಾಯದ ಸಂದರ್ಭವನ್ನು ಬಿಟ್ಟರೆ ಮಾತುಕತೆಯ ಒಂದಕ್ಷರವೂ ಹೋಗುವುದಿಲ್ಲ ಎಂದು ಬರೆದುಕೊಟ್ಟ ಮೇಲೆಯೇ ಅವರು ಬಾಯಿ ಬಿಟ್ಟರು.

ನಿದ್ರೆ ಕೆಟ್ಟಿತ್ತು, ಕಾರಣವಿಲ್ಲದೆ ಸಿಟ್ಟು ಬರುತ್ತಿತ್ತು. ಇದನ್ನು ಅವರು ಟ್ರಾಫಿಕ್ಕಿನ ಮತ್ತು ಧೂಳಿನ ಲೆಕ್ಕಕ್ಕೆ ಬರೆದಿದ್ದರು. ಸಾಮಾನ್ಯ ದಿನವೊಂದನ್ನು ಬೆಳಿಗ್ಗೆ ಎದ್ದಲ್ಲಿಂದ ಮಲಗುವವರೆಗೆ ವಿವರಿಸಿ ಎಂದು ಕೇಳಿದಾಗ ಬೇರೆಯದೇ ಚಿತ್ರ ಮೂಡಿತು. ಊರಿನಲ್ಲಿ ಸೈಕಲ್ಲನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದ, ತೆರಿಗೆಯ ಲೆಕ್ಕಪತ್ರವನ್ನೂ ತಾವೇ ಸಲ್ಲಿಸುತ್ತಿದ್ದ ಈ ವ್ಯಕ್ತಿಗೆ ಇಲ್ಲಿ ಮಾಡಲು ಯಾವ ಮನೆಗೆಲಸವೂ ಉಳಿದಿರಲಿಲ್ಲ. ದೀರ್ಘಾವಧಿಯ ಉದ್ಯೋಗ ವೀಸಾದವರು ಬಂದ 14 ದಿನಗಳೊಳಗೆ ಮಾಡಿಸಬೇಕಾದ ವಿದೇಶಿಯರ ನೋಂದಣಿಯನ್ನು ಏಜೆಂಟ್ ಮುಗಿಸಿದ್ದ. ಬಾಡಿಗೆ ಕರಾರು, ಅಡ್ವಾನ್ಸ್, ವಿದೇಶಿ ಬಾಡಿಗೆದಾರರ ಬಗ್ಗೆ ಮನೆ ಮಾಲೀಕರು ತುಂಬಬೇಕಾದ ನಮೂನೆ, ಇವೆಲ್ಲ ಇವರ ಕಣ್ಣಿಗೆ ಬೀಳದೆಯೇ ಆಗಿಹೋಗಿದ್ದವು. ತರಕಾರಿಯನ್ನು ಅಡುಗೆಯಾಕೆ ತರುತ್ತಿದ್ದರು. ಬ್ಯಾಂಕ್ ಖಾತೆ ತಡವಾದ್ದರಿಂದ ಫೋನಿನಲ್ಲಿ ಯುಪಿಐ ಇರಲಿಲ್ಲ. ದಾರಿಯಲ್ಲಿ ಎಳನೀರು ಕುಡಿದರೂ ಹಣವನ್ನು ಚಾಲಕನೇ ಕೊಟ್ಟು, ಆಮೇಲೆ ಇವರಿಂದ ನೋಟು ಪಡೆಯುತ್ತಿದ್ದ. ತಮಗಿಂತ ಎಷ್ಟೋ ಪಾಲು ಕಡಿಮೆ ಸಂಬಳದವನ ಮುಂದೆ ದಿನವೂ ಹೀಗೆ ಕೈಚಾಚುವುದು ಅವರನ್ನು ಒಳಗೊಳಗೇ ಕುಗ್ಗಿಸಿತ್ತು. ಕಚೇರಿಯ ಆವರಣದಲ್ಲಿ ಹೊರಬಿದ್ದದ್ದು ಆ ಅವಮಾನವೆಂದೇ ನನ್ನ ಅಭಿಪ್ರಾಯ.

ಭಾನುವಾರ ಇದಕ್ಕೆ ತುಪ್ಪ ಸುರಿಯುತ್ತಿತ್ತು. ಜರ್ಮನಿಯಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಕಾನೂನಿನಂತೆ ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆದರೂ ನೆರೆಯವರು ಆಕ್ಷೇಪಿಸುತ್ತಾರೆ. ಇಲ್ಲಿಯಾದರೋ ಗುರುವಾರ ಬರುತ್ತೇನೆಂದಿದ್ದ ಪ್ಲಂಬರ್ ಭಾನುವಾರ ಬೆಳಿಗ್ಗೆ ಗಂಟೆ ಒತ್ತುತ್ತಿದ್ದ. ಅವನ ಹಿಂದೆಯೇ ಪೇಪರಿನವನು, ಇಸ್ತ್ರಿಯವನು.

ಮೊದಲ ಸಲಹೆ ಚಾಲಕನ ಕುರಿತಾಗಿತ್ತು. ಕ್ಷ ಅವರು ಅವನಿಗೊಂದಿಷ್ಟು ಹಣ ಕೊಟ್ಟು ಪ್ರಕರಣ ಮುಗಿಸುವ ಯೋಚನೆಯಲ್ಲಿದ್ದರು, ಅದು ಬೇಡವೆಂದೆ. ಎಲ್ಲರೆದುರು ಬೈದದ್ದಕ್ಕೆ ಆಗ ಅಲ್ಲಿದ್ದವರಲ್ಲಿ ಕೆಲವರ ಎದುರಿಗಾದರೂ ನೇರವಾಗಿ ಕ್ಷಮೆ ಕೇಳಬೇಕು. ಚಾಲಕ ಟ್ರಾವೆಲ್ಸ್‌ನವರ ಕಡೆಯವನಾದ್ದರಿಂದ, ಇಂಥ ಗಲಾಟೆಯ ನಂತರ ಕೆಲಸ ಕಳೆದುಕೊಳ್ಳುವವನು ಅವನೇ ಹೊರತು ಇವರಲ್ಲ. ಆದ್ದರಿಂದ ತಪ್ಪು ತಮ್ಮದೆಂದೂ ಅವನನ್ನು ಬದಲಿಸಬಾರದೆಂದೂ ಕಂಪನಿಗೆ ಲಿಖಿತವಾಗಿ ತಿಳಿಸಲು ಸೂಚಿಸಿದೆ. ಸಂಜೆ ಅವನು ಎಷ್ಟು ಹೊತ್ತಿನವರೆಗೆ ಕಾಯಬೇಕೆಂಬುದೂ ಅದೇ ಪತ್ರದಲ್ಲಿ ನಿಗದಿಯಾಗಲಿ ಎಂದೆ.

ಎರಡನೆಯದಾಗಿ, ಬೇರೆಯವರ ಕೈಯಲ್ಲಿದ್ದ ಕೆಲಸಗಳಲ್ಲಿ ಕೆಲವನ್ನಾದರೂ ಮರಳಿ ತಮ್ಮ ಕೈಗೆ ತೆಗೆದುಕೊಳ್ಳಲು ಹೇಳಿದೆ. ವಿದೇಶಿಯನೆಂದು ಹೆಚ್ಚು ಬೆಲೆ ಹೇಳುತ್ತಾರೆಂಬ ಶಂಕೆ ಅವರಿಗಿತ್ತು, ಅದು ಪೂರ್ತಿ ಸುಳ್ಳೂ ಅಲ್ಲ. ಹಾಗಾಗಿ ಫಲಕದಲ್ಲಿ ದರ ಬರೆದಿರುವ ಹಾಪ್‌ಕಾಮ್ಸ್ ಮಳಿಗೆಯಿಂದ ಆರಂಭಿಸಲಿ, ಚೌಕಾಸಿ ಆಮೇಲೆ ಕಲಿಯಲಿ ಎಂದೆ. ನೇರಳೆ ಮಾರ್ಗದ ಮೆಟ್ರೊ 2023ರಿಂದ ವೈಟ್‌ಫೀಲ್ಡ್‌ವರೆಗೆ ಬರುತ್ತಿರುವುದರಿಂದ, ವಾರದಲ್ಲಿ ಕೆಲವು ದಿನ ಕಾರು ಬಿಟ್ಟು ಅದರಲ್ಲಿ ಕಚೇರಿಗೆ ಹೋಗುವುದು ಅವರಿಗೆ ಸಾಧ್ಯವಿತ್ತು. ಬ್ಯಾಂಕಿಗೆ ಏಜೆಂಟನನ್ನು ಕಳುಹಿಸದೆ ತಾವೇ ಹೋಗಿ ಕೂರಲು ಒತ್ತಾಯಿಸಿದೆ. ಭಾನುವಾರ ಮಧ್ಯಾಹ್ನದವರೆಗೆ ಯಾರನ್ನೂ ಒಳಗೆ ಬಿಡಬೇಡಿ ಎಂದು ಗೇಟಿನ ಸೆಕ್ಯುರಿಟಿಗೆ ಹೇಳಿದರಾಯಿತು. ಪ್ಲಂಬರ್ ಕೊಟ್ಟ ದಿನವನ್ನು ನಂಬಿ ಕೂರುವ ಬದಲು ಆ ದಿನ ಬೆಳಿಗ್ಗೆ ಅವನಿಗೊಂದು ಫೋನ್ ಮಾಡಬೇಕು; ಇಲ್ಲೇ ಹುಟ್ಟಿ ಬೆಳೆದ ನನಗೂ ಇದಕ್ಕಿಂತ ಉತ್ತಮ ಉಪಾಯ ತಿಳಿದಿಲ್ಲ.

ಪತ್ನಿಯ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಅವರು ಊರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದವರು. ಉದ್ಯೋಗಿಯ ಕುಟುಂಬದವರಿಗೆ ಸಿಗುವ ‘ಎಕ್ಸ್’ ಪ್ರವೇಶ ವೀಸಾದ ಮೇಲೆ ಬಂದಿದ್ದರಿಂದ ಇಲ್ಲಿ ಸಂಬಳದ ಕೆಲಸ ಮಾಡುವಂತಿರಲಿಲ್ಲ. ಕ್ಷ ಅವರು ಈ ಕೊರಗನ್ನು ಬೇಸರವೆಂದು ತಿಳಿದು ಯೋಗ ತರಗತಿ, ಚಿತ್ರಕಲೆ ಎಂದು ಒಂದೊಂದನ್ನೇ ಸೂಚಿಸುತ್ತಿದ್ದರು. ಜೊತೆಯಾಗಿ ಕೂತ ಭೇಟಿಯಲ್ಲಿ ಆಕೆ, ತಮಗೆ ಬೇಕಿರುವುದು ಹವ್ಯಾಸವಲ್ಲ, ಹದಿನೈದು ವರ್ಷ ದುಡಿದ ವೃತ್ತಿಯೆಂದು ಸ್ಪಷ್ಟವಾಗಿ ಹೇಳಿದರು. ಸಂಬಳವಿಲ್ಲದ ಸೇವೆಗೆ ಸೇರುವುದಾದರೂ ವಿದೇಶಿಯರ ನೋಂದಣಿ ಕಚೇರಿಯನ್ನು ಲಿಖಿತವಾಗಿ ಕೇಳಿಯೇ ಮುಂದುವರಿಯಬೇಕೆಂದು ತಿಳಿಸಿದೆ. ನಿಯೋಜನೆಯ ಅವಧಿಯನ್ನು ಇನ್ನು ಮುಂದೆ ಕ್ಷ ಅವರೊಬ್ಬರೇ ಕಂಪನಿಯೊಡನೆ ಚರ್ಚಿಸಬಾರದು ಎಂಬುದಕ್ಕೆ ಇಬ್ಬರೂ ಒಪ್ಪಿದರು.

ಚಾಲಕ ಈಗಲೂ ಅವರ ಬಳಿಯೇ ಇದ್ದಾನೆ, ನಿದ್ರೆ ಬಹುಮಟ್ಟಿಗೆ ಸುಧಾರಿಸಿದೆ, ಖಾತೆ ತೆರೆದು ಯುಪಿಐ ಸಿಕ್ಕಿದೆ. ಪತ್ನಿ ಎರಡನೆಯ ವರ್ಷದ ಕೊನೆಗೆ ಊರಿಗೆ ಮರಳಿ ಹಳೆಯ ಕ್ಲಿನಿಕ್ ಸೇರಲು ಬಯಸಿದ್ದಾರೆ. ಕ್ಷ ಅವರೂ ಆಗಲೇ ಹೊರಡಬೇಕೋ, ಒಂಟಿಯಾಗಿ ಇನ್ನೊಂದು ವರ್ಷ ಉಳಿಯಬೇಕೋ ಎಂಬ ಪ್ರಶ್ನೆಗಾಗಿ ಮುಂದಿನ ಭೇಟಿಗೆ ಇಬ್ಬರೂ ಬರಲಿದ್ದಾರೆ.