ನಷ್ಟದ ಹೊಲ, ತುಂಬಿದ ಕಣಜ

(ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಓದುಗರೊಬ್ಬರು ಕುಣಿಗಲ್ ಕಡೆಯ ತಮ್ಮ ತಂದೆಯವರ ಎರಡು ಎಕರೆ ಖುಷ್ಕಿ ಹೊಲದ ಜಮಾಖರ್ಚು ಕಳಿಸಿದ್ದಾರೆ. ಅಪ್ಪ ಅಮ್ಮನ ದುಡಿಮೆಗೆ ಊರಿನ ಕೂಲಿ ದರ ಹಾಕಿದರೆ ರಾಗಿ ಬೆಳೆದದ್ದು ನಷ್ಟಕ್ಕೇ. ‘ಇಂಥ ತುಂಡು ಹಿಡುವಳಿಗಳಿಂದ ದೇಶಕ್ಕೇನು ಉಪಯೋಗ?’ ಎಂಬುದು ಅವರ ಪ್ರಶ್ನೆ.)

ನಿಮ್ಮ ಅಚ್ಚುಕಟ್ಟುತನ ಮೆಚ್ಚಿದೆ. ಮನೆಯವರ ಬೆವರಿಗೂ ಬೆಲೆ ಕಟ್ಟಬೇಕೆಂಬುದು ನ್ಯಾಯವೇ. ಕಳೆ ಕಿತ್ತ ತಾಯಿಯ ಕೂಲಿಯನ್ನು ಬರೆಯುವ ಮಕ್ಕಳೇ ಅಪರೂಪ. ಆದರೆ ನಿಮ್ಮ ಪಟ್ಟಿಯಲ್ಲಿ ರಾಗಿಯ ನಡುವೆ ಬಿತ್ತಿದ ಅಕ್ಕಡಿ ಸಾಲು ಎಲ್ಲಿದೆ, ಸ್ವಾಮಿ? ರಾಗಿ ಕೊಯ್ದ ಮೇಲೂ ಅವರೆ, ತೊಗರಿ ಹೊಲದಲ್ಲೇ ನಿಂತಿರುತ್ತವೆ. ಸೊಗಡಿನ ಕಾಯಿ ಬಿಡಿಸಿ ತಂದು ಹಿತಕವರೆ ಸಾರು ಮಾಡಿದ ದಿನ ಯಾರೂ ರಸೀತಿ ಹರಿಯುವುದಿಲ್ಲ. ಬಣವೆಯ ಹುಲ್ಲು ತಿಂದ ಹಸು ಕೊಟ್ಟ ಹಾಲೂ ನಿಮ್ಮ ಲೆಕ್ಕಕ್ಕೆ ಬಂದಿಲ್ಲ.

ಈ ತಕರಾರು ಹೊಸದಲ್ಲ. 1950ರ ದಶಕದ ಕೃಷಿ ಸಮೀಕ್ಷೆಗಳನ್ನು ಮುಂದಿಟ್ಟುಕೊಂಡು ಅಮರ್ತ್ಯ ಸೇನ್ 1962ರಲ್ಲಿ ಒಂದು ಪುಟ್ಟ ಲೇಖನ ಬರೆದರು. ಮನೆಯವರ ದುಡಿಮೆಗೆ ಪೇಟೆಯ ಕೂಲಿ ಕಟ್ಟಿದರೆ ಭಾರತದ ಬೇಸಾಯದ ಬಹುಪಾಲು ನಷ್ಟದ್ದಾಗಿಯೇ ಕಾಣುತ್ತದೆ, ಆದರೆ ಹಿಡುವಳಿ ಚಿಕ್ಕದಾದಷ್ಟೂ ಎಕರೆವಾರು ಇಳುವರಿ ಹೆಚ್ಚು! ದೊಡ್ಡ ರೈತ ಕೂಲಿ ಗಿಟ್ಟದ ಕಡೆ ಕೆಲಸ ನಿಲ್ಲಿಸುತ್ತಾನೆ. ಹೊರಗೆ ಕೆಲಸ ಸಿಗದ ಕುಟುಂಬ ಇನ್ನೊಂದು ಸಲ ಕುಂಟೆ ಹೊಡೆಯುತ್ತದೆ, ಇನ್ನೊಂದು ಸಲ ಕಳೆ ತೆಗೆಯುತ್ತದೆ. ಹಸಿರು ಕ್ರಾಂತಿಯ ಯಂತ್ರ, ಗೊಬ್ಬರ ಬಂದ ಕಡೆ ಈ ಅಂತರ ಸವೆದಿದೆ, ಒಪ್ಪುತ್ತೇನೆ. ಕುಣಿಗಲ್ಲಿನ ಖುಷ್ಕಿ ಪಂಜಾಬ್ ಅಲ್ಲವಲ್ಲ. ಸೇನ್‌ರಿಗೂ ಮೊದಲೇ ರಷ್ಯಾದ ಕೃಷಿ ಅರ್ಥಶಾಸ್ತ್ರಜ್ಞ ಚಯಾನೊವ್, ರೈತ ಕುಟುಂಬವನ್ನು ಕಾರ್ಖಾನೆಯ ಲಾಭದ ಸೂತ್ರದಿಂದ ಅಳೆಯಬೇಡಿ ಎಂದು ವಾದಿಸಿದ್ದರು. ಸಣ್ಣ ಹೊಲಗಳನ್ನು ಕೂಡಿಸಿ ದೊಡ್ಡ ಸಾಮೂಹಿಕ ಹೊಲ ಮಾಡಿದ ಸ್ಟಾಲಿನ್‌ನ ಆಡಳಿತ 1937ರಲ್ಲಿ ಅವರನ್ನು ಗುಂಡಿಟ್ಟು ಕೊಂದಿತು. ದೊಡ್ಡ ಹಿಡುವಳಿಯ ಭಕ್ತರು ಬಂಡವಾಳಶಾಹಿಗಳಲ್ಲಷ್ಟೇ ಇಲ್ಲ, ನೋಡಿ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಇಂಥ ಬೆಲೆಗಳನ್ನು ‘ವೆಚ್ಚದ ಒಂದೂವರೆ ಪಟ್ಟು’ ಎಂದು ಸಾರುವಾಗ ಸರ್ಕಾರ ಹಿಡಿಯುವ ವೆಚ್ಚವೆಂದರೆ ಕೈಯಿಂದ ಕೊಟ್ಟ ಹಣ ಮತ್ತು ಮನೆಯವರ ದುಡಿಮೆ ಮಾತ್ರ. ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿ ಅದರಲ್ಲಿಲ್ಲ. ಸಣ್ಣ ರೈತನನ್ನು ಅದಕ್ಷ ಎನ್ನಬೇಕಾದಾಗ ಮಾತ್ರ ನಮ್ಮ ಪಂಡಿತರಿಗೆ ಗೇಣಿ, ಬಡ್ಡಿ ಎಲ್ಲವೂ ನೆನಪಾಗುತ್ತವೆ. ಬೆಲೆ ಕಟ್ಟಲು ಒಂದು ತಕ್ಕಡಿ, ತೀರ್ಪು ಕೊಡಲು ಇನ್ನೊಂದು!

ಇನ್ನು ದೊಡ್ಡವರ ದಕ್ಷತೆ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಸಾಲಾಗಿ ಕೊಳವೆಬಾವಿ ಕೊರೆಸಿದವರ ಖರ್ಚಿನ ಪಟ್ಟಿಯಲ್ಲಿ ಆ ಕರೆಂಟಿಗೆ ಸೊನ್ನೆ, ಇಳಿದುಹೋದ ಅಂತರ್ಜಲಕ್ಕೂ ಸೊನ್ನೆ. ನಿಮ್ಮ ತಂದೆಯವರು ಮಳೆ ನಂಬಿ ಬಿತ್ತಿದ್ದಾರೆ. ಆ ಎರಡೂ ಬಾಕಿ ಅವರ ತಲೆಯ ಮೇಲಿಲ್ಲ. ಎಕರೆಗೆ ಎಷ್ಟು, ಹನಿ ನೀರಿಗೆ ಎಷ್ಟು ಎಂದು ಮತ್ತೊಮ್ಮೆ ಕೂಡಿಸಿ ಕಳಿಸಿ, ಖಂಡಿತ ಪ್ರಕಟಿಸುತ್ತೇನೆ. ಅವರೆಯ ಲೆಕ್ಕವನ್ನು ಮಾತ್ರ ನಿಮ್ಮ ತಾಯಿಯವರನ್ನೇ ಕೇಳಿ ಬರೆಯಿರಿ.

– ಸಂಪಾದಕ